ಗೇಮಿಂಗ್ ಪಿಸಿಗೆ ಲಿನಕ್ಸೋ ವಿಂಡೋಸೋ: ಹಾಕುವ ಮುನ್ನ, ಹಾಕುವಾಗ, ಹಾಕಿದ ಮೇಲೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 (ಭದ್ರತಾ ಕೀಗಳನ್ನು ಕಾಯುವ ಅಂಗ), ಸೆಕ್ಯೂರ್ ಬೂಟ್ (ನಂಬಿಕಸ್ಥ ತಂತ್ರಾಂಶ ಮಾತ್ರ ಬೂಟ್ ಆಗಲು ಬಿಡುವ ಕಾವಲು) ಇರುವ ಯುಇಎಫ್‌ಐ (ಪಿಸಿಯನ್ನು ಎಬ್ಬಿಸುವ ಮೂಲ ತಂತ್ರಾಂಶ), ಜೊತೆಗೆ ಇಂಟೆಲ್ 8ನೇ ತಲೆಮಾರಿನ ಅಥವಾ ಎಎಂಡಿ ರೈಜನ್ 2000 ಸರಣಿಯ ಈಚಿನ ಪ್ರೊಸೆಸರ್ ಕೇಳುತ್ತದೆ. ಕೋರ್ ಐ7-7700 ಮತ್ತು ಜಿಟಿಎಕ್ಸ್ 1060 ಕೂಡಿಸಿದ ಪಿಸಿ ಇವತ್ತಿಗೂ ಎಷ್ಟೋ ಆಟಗಳನ್ನು 1080ಪಿಯಲ್ಲಿ ಸಲೀಸಾಗಿ ಓಡಿಸುತ್ತದೆ. ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ. ಇಂಥ ಯಂತ್ರ ಇಟ್ಟುಕೊಂಡವರು, ಹೊಸದಾಗಿ ಪಿಸಿ ಜೋಡಿಸುವವರು, ಓಎಸ್ ಇಲ್ಲದ ಲ್ಯಾಪ್‌ಟಾಪ್ ಕಡಿಮೆ ಬೆಲೆಗೆ ಕೊಂಡವರು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಲಿನಕ್ಸ್ ಹಾಕಿದರೆ ಆಟ ಆಡಬಹುದೇ?

ಬಹುಪಾಲು ಆಟಗಳಿಗೆ ಉತ್ತರ ಹೌದು. ಸ್ಟೀಮ್ ಎಂಬ ಆಟದಂಗಡಿ ನಡೆಸುವ ವಾಲ್ವ್ ಕಂಪನಿ 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ಎಂಬ ತಂತ್ರಾಂಶ ಬಿಡುಗಡೆ ಮಾಡಿದ ಮೇಲೆ ವಿಂಡೋಸ್‌ಗೆಂದೇ ಬರೆದ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವುದು ಒಂದು ಕ್ಲಿಕ್ಕಿನ ಕೆಲಸವಾಯಿತು. 2022ರಲ್ಲಿ ಬಂದ, ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಒಳಗಿರುವುದೂ ಲಿನಕ್ಸೇ, ಹಾಗಾಗಿ ಆಟ ತಯಾರಿಸುವವರೂ ಈಗ ಇತ್ತ ಗಮನ ಕೊಡುತ್ತಾರೆ. ಓಎಸ್ ಹಾಕುವ ಕೆಲಸವನ್ನಷ್ಟೇ ನೋಡಿದರೆ ಲಿನಕ್ಸ್ ಇವತ್ತು ವಿಂಡೋಸ್‌ಗಿಂತ ಸುಲಭ. ಆಡುವ ವಿಷಯಕ್ಕೆ ಬಂದರೆ ಕೊನೆಯ ಮಾತು ಮೋಸದಾಟ ತಡೆಯುವ ಆ್ಯಂಟಿ-ಚೀಟ್ ತಂತ್ರಾಂಶದ್ದು. ಅದನ್ನು ನೋಡದೆ ಡಿಸ್ಕ್ ಅಳಿಸಿದವರು ವಾರದೊಳಗೆ ಮತ್ತೆ ವಿಂಡೋಸ್ ಹಾಕುತ್ತಾರೆ.

ಮೊದಲು ಆಟಗಳ ಪಟ್ಟಿ

ಪೆನ್‌ಡ್ರೈವ್ ಹುಡುಕುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಈಗ ಆಡುತ್ತಿರುವ ಆಟಗಳನ್ನೂ ಮುಂದಿನ ಆರು ತಿಂಗಳಲ್ಲಿ ಆಡಬೇಕೆಂದಿರುವ ಆಟಗಳನ್ನೂ ಬರೆಯಿರಿ. ಪ್ರತಿಯೊಂದರ ಮುಂದೆ ಎರಡು ಸಂಗತಿ ಗುರುತು ಹಾಕಿ: ಅದನ್ನು ಎಲ್ಲಿ ಕೊಂಡಿರಿ (ಸ್ಟೀಮ್, ಎಪಿಕ್, ಗಾಗ್, ಗೇಮ್ ಪಾಸ್), ಮತ್ತು ಆನ್‌ಲೈನ್‌ನಲ್ಲಿ ಬೇರೆಯವರ ಎದುರು ಆಡುತ್ತೀರೋ ಒಬ್ಬರೇ ಆಡುತ್ತೀರೋ.

ಒಬ್ಬರೇ ಆಡುವ ಆಟಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ದಿ ವಿಚರ್ 3, ಸೈಬರ್‌ಪಂಕ್ 2077, ಎಲ್ಡನ್ ರಿಂಗ್, ಬಾಲ್ಡರ್ಸ್ ಗೇಟ್ 3, ಹೇಡೀಸ್, ಸ್ಟಾರ್‌ಡ್ಯೂ ವ್ಯಾಲಿ ಎಲ್ಲವೂ ಲಿನಕ್ಸ್‌ನಲ್ಲಿ ಚೆನ್ನಾಗಿ ಓಡುತ್ತವೆ. ಕೌಂಟರ್-ಸ್ಟ್ರೈಕ್ 2 ಮತ್ತು ಡೋಟಾ 2 ಆನ್‌ಲೈನ್ ಆಟಗಳಾದರೂ ವಾಲ್ವ್ ತಾನೇ ಅವುಗಳ ಲಿನಕ್ಸ್ ಆವೃತ್ತಿ ಕೊಡುತ್ತದೆ.

ತೊಡಕು ಬರುವುದು ಓಎಸ್‌ನ ತಿರುಳಾದ ಕರ್ನಲ್ ಮಟ್ಟಕ್ಕೆ ಇಳಿದು ಕಾವಲು ಕಾಯುವ ಆ್ಯಂಟಿ-ಚೀಟ್‌ಗಳಲ್ಲಿ. ವ್ಯಾಲರಂಟ್ ಮತ್ತು ಲೀಗ್ ಆಫ್ ಲೆಜೆಂಡ್ಸ್ ಬಳಸುವ ವ್ಯಾನ್‌ಗಾರ್ಡ್ ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. ಫೋರ್ಟ್‌ನೈಟ್, ಪಿಸಿಯ ಪಬ್‌ಜಿ, ಈಚಿನ ಕಾಲ್ ಆಫ್ ಡ್ಯೂಟಿ, ಬ್ಯಾಟಲ್‌ಫೀಲ್ಡ್ 6 ಇವೂ ಇಲ್ಲ. ಏಪೆಕ್ಸ್ ಲೆಜೆಂಡ್ಸ್ ಒಂದು ಕಾಲಕ್ಕೆ ಓಡುತ್ತಿತ್ತು, 2024ರ ಅಕ್ಟೋಬರ್ ಕೊನೆಗೆ ಅದರ ತಯಾರಕರೇ ಲಿನಕ್ಸ್‌ಗೆ ಬಾಗಿಲು ಹಾಕಿದರು. ಈಸಿ ಆ್ಯಂಟಿ-ಚೀಟ್ ಮತ್ತು ಬ್ಯಾಟಲ್‌ಐ ಎರಡಕ್ಕೂ 2021ರಿಂದ ಪ್ರೋಟಾನ್ ಬೆಂಬಲ ಇದೆ. ಆದರೆ ಆ ಬೆಂಬಲವನ್ನು ಪ್ರತಿ ಆಟದ ತಯಾರಕರು ತಾವಾಗಿ ತೆರೆಯಬೇಕು. ಎಲ್ಡನ್ ರಿಂಗ್ ತೆರೆದಿದೆ. ಜಿಟಿಎ ಆನ್‌ಲೈನ್‌ಗೆ 2024ರ ಸೆಪ್ಟೆಂಬರ್‌ನಲ್ಲಿ ಬ್ಯಾಟಲ್‌ಐ ಸೇರಿಸಿದಾಗ ತೆರೆಯಲಿಲ್ಲ, ಆದ್ದರಿಂದ ಜಿಟಿಎ 5ರ ಕಥೆಯ ಭಾಗ ಲಿನಕ್ಸ್‌ನಲ್ಲಿ ಆಡಬಹುದು, ಆನ್‌ಲೈನ್ ಭಾಗ ಆಗದು. ಇದು ತಾಂತ್ರಿಕ ಅಡ್ಡಿಯಲ್ಲ, ವ್ಯಾಪಾರದ ತೀರ್ಮಾನ. ಬಳಕೆದಾರ ಏನೇ ಸರ್ಕಸ್ ಮಾಡಿದರೂ ಸರಿಹೋಗುವಂಥದ್ದಲ್ಲ, ದಾರಿ ತಪ್ಪಿಸಲು ಹೋದರೆ ಖಾತೆಯೇ ನಿಷೇಧಕ್ಕೆ ಒಳಗಾಗಬಹುದು.

ಪಟ್ಟಿಯ ಒಂದೊಂದೇ ಆಟವನ್ನು ಎರಡು ತಾಣಗಳಲ್ಲಿ ಹುಡುಕಿ. ಪ್ರೋಟಾನ್‌ಡಿಬಿಯಲ್ಲಿ ಬಳಕೆದಾರರು ಪ್ಲಾಟಿನಂ, ಗೋಲ್ಡ್, ಸಿಲ್ವರ್, ಬ್ರಾಂಜ್, ಬೋರ್ಕ್ಡ್ ಎಂದು ದರ್ಜೆ ಕೊಟ್ಟಿರುತ್ತಾರೆ. ದರ್ಜೆಯನ್ನಷ್ಟೇ ನೋಡಿ ಮುಂದೆ ಹೋಗಬೇಡಿ. ನಿಮ್ಮದೇ ಗ್ರಾಫಿಕ್ಸ್ ಕಾರ್ಡ್ ಇರುವವರು ಈಚಿನ ಮೂರು ತಿಂಗಳಲ್ಲಿ ಬರೆದ ವರದಿಗಳನ್ನು ಓದಿ. ‘ಆರ್ ವಿ ಆ್ಯಂಟಿ-ಚೀಟ್ ಯೆಟ್’ ಎಂಬ ಇನ್ನೊಂದು ತಾಣ ಯಾವ ಆಟದ ಆ್ಯಂಟಿ-ಚೀಟ್ ತೆರೆದಿದೆ, ಯಾವುದು ಮುಚ್ಚಿದೆ ಎಂಬ ಲೆಕ್ಕ ಇಡುತ್ತದೆ.

ನಂತರದ ತೀರ್ಮಾನ ಸರಳ. ದಿನಾ ಆಡುವ ಆಟ ವ್ಯಾಲರಂಟ್ ಆಗಿದ್ದರೆ ವಿಂಡೋಸ್ ಇರಲೇಬೇಕು. ಪಟ್ಟಿಯಲ್ಲಿ ಅಂಥದ್ದೊಂದೂ ಇಲ್ಲದಿದ್ದರೆ ಲಿನಕ್ಸ್ ಒಂದೇ ಸಾಕು. ಎರಡೂ ಬೆರೆತಿದ್ದರೆ ಎರಡು ಓಎಸ್‌ಗಳನ್ನೂ ಒಂದೇ ಯಂತ್ರದಲ್ಲಿ ಇಡುವ ಡ್ಯುಯಲ್ ಬೂಟ್ ಮಾಡಿ, ಸಾಧ್ಯವಿದ್ದರೆ ಎರಡು ಬೇರೆ ಬೇರೆ ಎಸ್‌ಎಸ್‌ಡಿಗಳಲ್ಲಿ. ಪಿಸಿ ಗೇಮ್ ಪಾಸ್‌ನ ಆಟಗಳು ಮೈಕ್ರೋಸಾಫ್ಟ್ ಸ್ಟೋರ್‌ಗೆ ಅಂಟಿಕೊಂಡಿರುವುದರಿಂದ ಅವಕ್ಕೂ ವಿಂಡೋಸ್ ಬೇಕು. ಮನೆಯವರು ಅದೇ ಯಂತ್ರದಲ್ಲಿ ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಕಡತಗಳ ಮೇಲೆ ಕೆಲಸ ಮಾಡುತ್ತಿದ್ದರೆ, ಅದೂ ವಿಂಡೋಸ್ ಉಳಿಸಿಕೊಳ್ಳಲು ನ್ಯಾಯವಾದ ಕಾರಣವೇ.

ಯಾವ ಲಿನಕ್ಸ್?

ಮೊದಲ ಸಲ ಹಾಕುವವರಿಗೆ ನಮ್ಮ ಸಲಹೆ ಲಿನಕ್ಸ್ ಮಿಂಟ್‌ನ 22ನೇ ಸರಣಿ, ಸಿನಮನ್ ಆವೃತ್ತಿ. ಉಬುಂಟು 24.04ರ ಮೇಲೆ ನಿಂತಿದೆ, 2029ರವರೆಗೆ ಬೆಂಬಲವಿದೆ, ನೋಟವೂ ವಿಂಡೋಸ್ ಬಳಸಿದವರಿಗೆ ಪರಿಚಿತ. ತೀರಾ ಹೊಸ ಗ್ರಾಫಿಕ್ಸ್ ಕಾರ್ಡ್ ಕೊಂಡಿದ್ದರೆ, ಅಥವಾ ಟಿವಿಗೆ ಜೋಡಿಸಿ ಕಂಟ್ರೋಲರ್ ಹಿಡಿದೇ ಆಡುವುದಾದರೆ, ಫೆಡೋರಾ ಆಧಾರಿತ ಬಜೈಟ್ ಒಳ್ಳೆಯದು. ಡೌನ್‌ಲೋಡ್ ಪುಟದಲ್ಲೇ ನಿಮ್ಮ ಯಂತ್ರ ಯಾವುದು, ಗ್ರಾಫಿಕ್ಸ್ ಯಾವುದು ಎಂದು ಕೇಳಿ ಅದಕ್ಕೆ ತಕ್ಕ ಐಎಸ್‌ಒ (ಇನ್‌ಸ್ಟಾಲ್ ಕಡತ) ಕೊಡುತ್ತದೆ; ಸ್ಟೀಮ್ ಮತ್ತು ಎನ್ವಿಡಿಯಾ ಡ್ರೈವರ್ ಒಳಗೇ ಇರುತ್ತವೆ. ಆರ್ಚ್ ಆಧಾರಿತ ಕ್ಯಾಚಿಓಎಸ್ ವೇಗಕ್ಕೆ ಹೆಸರಾಗಿದೆ, ಆದರೆ ಸೆಕ್ಯೂರ್ ಬೂಟ್ ಅನ್ನು ಅಲ್ಲಿ ನೀವೇ ಸಂಭಾಳಿಸಬೇಕು. ಸೆಕ್ಯೂರ್ ಬೂಟ್ ಬೇಡುವ ವ್ಯಾಲರಂಟ್ ಜೊತೆ ಡ್ಯುಯಲ್ ಬೂಟ್ ಮಾಡುವವರಿಗೆ ಅದು ದಿನದಿನದ ಕಿರಿಕಿರಿ.

ಕೆಳಗಿನ ಹೆಜ್ಜೆಗಳು ಮಿಂಟ್‌ಗೆ ಹೊಂದುವಂತಿವೆ. ಟರ್ಮಿನಲ್ ಒಮ್ಮೆಯೂ ತೆರೆಯಬೇಕಿಲ್ಲ.

ಇರುವ ವಿಂಡೋಸ್‌ನಲ್ಲಿ ಮಾಡಬೇಕಾದ ತಯಾರಿ

ಈ ಭಾಗವನ್ನು ಹಾರಿಸಿದವರೇ ಆಮೇಲೆ ಹೆಚ್ಚು ಒದ್ದಾಡುವುದು.

1. ಬಿಟ್‌ಲಾಕರ್ ಕೀ. ಈಚಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತನ್ನಷ್ಟಕ್ಕೆ ಬಿಟ್‌ಲಾಕರ್‌ನಿಂದ ಎನ್‌ಕ್ರಿಪ್ಟ್ (ಕೀ ಇಲ್ಲದೆ ಓದಲಾಗದಂತೆ ಬೀಗ) ಆಗಿರುತ್ತದೆ. ಬಯಾಸ್‌ನಲ್ಲಿ (ಯುಇಎಫ್‌ಐ ಸೆಟ್ಟಿಂಗ್ ಪರದೆ) ಸೆಕ್ಯೂರ್ ಬೂಟ್ ಮುಟ್ಟಿದರೆ ಮುಂದಿನ ಸಲ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಮೈಕ್ರೋಸಾಫ್ಟ್ ಖಾತೆಯೊಳಗೆ ಹೋಗಿ ಅದನ್ನು ಹುಡುಕಿ, ಕಾಗದದ ಮೇಲೆ ಬರೆದಿಡಿ. ಡ್ಯುಯಲ್ ಬೂಟ್ ಮಾಡುವುದಾದರೆ ಸೆಟ್ಟಿಂಗ್ಸ್‌ನ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’ಯಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಆಫ್ ಮಾಡಿ, ಡಿಕ್ರಿಪ್ಟ್ ಪೂರ್ತಿ ಆಗುವವರೆಗೆ ಕಾಯುವುದು ಇನ್ನೂ ಸಲೀಸು.

2. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಶನ್ಸ್, ‘ಚೂಸ್ ವಾಟ್ ದ ಪವರ್ ಬಟನ್ಸ್ ಡು’ ಎಂಬಲ್ಲಿ ಸಿಗುತ್ತದೆ. ಇದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗಲೂ ವಿಂಡೋಸ್ ಅರೆನಿದ್ರೆಯಲ್ಲೇ ಇರುತ್ತದೆ. ಆಗ ಅದರ ಡ್ರೈವ್‌ಗಳು ಲಿನಕ್ಸ್‌ನಲ್ಲಿ ಓದಲು ಮಾತ್ರ ಸಿಗುತ್ತವೆ, ಬರೆಯಲು ಆಗುವುದಿಲ್ಲ.

3. ಜಾಗ ಬಿಡಿಸಿ. ಒಂದೇ ಡಿಸ್ಕ್ ಇದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಶ್ರಿಂಕ್ ವಾಲ್ಯೂಮ್’ ಕೊಡಿ. ಲಿನಕ್ಸ್‌ಗೆ 40 ಜಿಬಿ ಸಾಕು, ಆದರೆ ಆಟಗಳೇ ಒಂದೊಂದು 60ರಿಂದ 150 ಜಿಬಿ ನುಂಗುತ್ತವೆ. 200 ಜಿಬಿಗಿಂತ ಕಡಿಮೆ ಬಿಡಬೇಡಿ. ಖಾಲಿ ಜಾಗ ಬೇಕಾದಷ್ಟಿದ್ದರೂ ಸ್ವಲ್ಪವೇ ಶ್ರಿಂಕ್ ಆಗುತ್ತದೆ ಎಂದು ತೋರಿಸಿದರೆ, ಹೈಬರ್ನೇಶನ್, ಪೇಜ್ ಫೈಲ್ ಮತ್ತು ಸಿಸ್ಟಂ ರಿಸ್ಟೋರ್ ತಾತ್ಕಾಲಿಕವಾಗಿ ಆಫ್ ಮಾಡಿ, ಮರುಚಾಲೂ ಮಾಡಿ ಮತ್ತೆ ನೋಡಿ. ಈ ಕಡತಗಳು ಡಿಸ್ಕಿನ ನಡುವೆ ಅಲುಗಾಡದೆ ಕೂತಿರುತ್ತವೆ.

4. ಬ್ಯಾಕಪ್. ಫೋಟೋ, ದಾಖಲೆ ಮಾತ್ರವಲ್ಲ, ಕ್ಲೌಡ್ ಸೇವ್ ಇಲ್ಲದ ಆಟಗಳ ಸೇವ್ ಕಡತಗಳನ್ನೂ ತೆಗೆದಿಡಿ. ಸ್ಟೀಮ್‌ನಲ್ಲಿ ಆಟದ ಹೆಸರಿನ ಪಕ್ಕ ಮೋಡದ ಗುರುತು ಇದ್ದರೆ ಚಿಂತೆಯಿಲ್ಲ.

ಲ್ಯಾಪ್‌ಟಾಪ್ ಜೊತೆ ಬಂದ ವಿಂಡೋಸ್ ಪರವಾನಗಿ ಹೋಗಿಬಿಡುತ್ತದೆಂಬ ಭಯ ಬೇಡ. ಕೀ ಮದರ್‌ಬೋರ್ಡ್‌ನ ಫರ್ಮ್‌ವೇರ್‌ನಲ್ಲೇ ಕೂತಿರುತ್ತದೆ. ಡಿಸ್ಕ್ ಪೂರ್ತಿ ಅಳಿಸಿದರೂ ಮುಂದೆ ಅದೇ ಆವೃತ್ತಿ ಹಾಕಿದಾಗ ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲೋ ನಿಮ್ಮೂರಿನ ಅಂಗಡಿಯಲ್ಲೋ ಜೋಡಿಸಿಕೊಂಡ ಪಿಸಿಗೆ ಇದು ಅನ್ವಯಿಸದು. ಅಲ್ಲಿ ಹಾಕಿಕೊಟ್ಟ ವಿಂಡೋಸ್‌ಗೆ ಬಿಲ್ಲಿನಲ್ಲಿ ಪರವಾನಗಿಯ ಸಾಲು ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ವಿಂಡೋಸ್ 11 ಹಾಕುವುದು

8 ಜಿಬಿ ಪೆನ್‌ಡ್ರೈವ್ ಸಾಕು. ಮೈಕ್ರೋಸಾಫ್ಟ್ ತಾಣದಿಂದ ಮೀಡಿಯಾ ಕ್ರಿಯೇಶನ್ ಟೂಲ್ ಇಳಿಸಿ ಓಡಿಸಿದರೆ ಉಳಿದದ್ದು ಅದೇ ಮಾಡುತ್ತದೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಲು ಪವರ್ ಒತ್ತಿದ ಕೂಡಲೇ ಬೂಟ್ ಮೆನು ಕೀ ಬಿಟ್ಟು ಬಿಟ್ಟು ಒತ್ತುತ್ತಿರಿ: ಡೆಲ್, ಲೆನೊವೊ, ಏಸರ್, ಗಿಗಾಬೈಟ್‌ಗೆ ಎಫ್12, ಎಚ್‌ಪಿಗೆ ಎಫ್9, ಎಂಎಸ್‌ಐಗೆ ಎಫ್11, ಏಸುಸ್ ಲ್ಯಾಪ್‌ಟಾಪ್‌ಗೆ ಎಸ್ಕೇಪ್, ಏಸುಸ್ ಮದರ್‌ಬೋರ್ಡ್‌ಗೆ ಎಫ್8. ಏಸರ್‌ನಲ್ಲಿ ಬೂಟ್ ಮೆನುವನ್ನು ಮೊದಲು ಬಯಾಸ್‌ನೊಳಗೆ ಆನ್ ಮಾಡಬೇಕಾಗಬಹುದು.

ಕೀ ಕೇಳಿದಾಗ ‘ನನ್ನ ಬಳಿ ಇಲ್ಲ’ ಎಂದು ಕೊಟ್ಟು ಮುಂದೆ ಹೋಗಿ. ಡಿಸ್ಕ್ ಆರಿಸುವ ಪರದೆಯಲ್ಲಿ ಪಟ್ಟಿಯೇ ಖಾಲಿ ಇದ್ದರೆ ಎಸ್‌ಎಸ್‌ಡಿ ಕೆಟ್ಟಿದೆ ಎಂದುಕೊಳ್ಳಬೇಡಿ. ಇಂಟೆಲ್ 11ನೇ ತಲೆಮಾರು ಮತ್ತು ಅದರ ಮುಂದಿನ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆ ಆನ್ ಇರುತ್ತದೆ, ಅದರ ಡ್ರೈವರ್ ಇನ್‌ಸ್ಟಾಲರ್‌ನಲ್ಲಿ ಇರದಿದ್ದರೆ ಹೀಗಾಗುತ್ತದೆ. ಲ್ಯಾಪ್‌ಟಾಪ್ ಕಂಪನಿಯ ಬೆಂಬಲ ಪುಟದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಬಿಚ್ಚಿ, ಅದರ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿ, ‘ಲೋಡ್ ಡ್ರೈವರ್’ ಕೊಟ್ಟು ತೋರಿಸಿ. ಬಯಾಸ್‌ನಲ್ಲಿ ವಿಎಂಡಿ ಆಫ್ ಮಾಡುವುದು ಇನ್ನೊಂದು ದಾರಿ. ಆದರೆ ಒಳಗೆ ಈಗಾಗಲೇ ವಿಂಡೋಸ್ ಇದ್ದರೆ ಹಾಗೆ ಮಾಡಬೇಡಿ, ಅದು ಬೂಟ್ ಆಗದೆ ನೀಲಿ ಪರದೆಯಲ್ಲಿ ನಿಲ್ಲುತ್ತದೆ.

ಮುಂದಿನ ಗೋಡೆ ಇಂಟರ್ನೆಟ್. ವಿಂಡೋಸ್ 11 ಹೋಮ್ ಮೊದಲ ಸೆಟಪ್‌ನಲ್ಲೇ ಇಂಟರ್ನೆಟ್ಟೂ ಮೈಕ್ರೋಸಾಫ್ಟ್ ಖಾತೆಯೂ ಕಡ್ಡಾಯವೆನ್ನುತ್ತದೆ, ಅದೇ ಹೊತ್ತಿಗೆ ಹೊಸ ಲ್ಯಾಪ್‌ಟಾಪ್‌ನ ವೈಫೈ ಡ್ರೈವರ್ ಅದರ ಬಳಿ ಇರುವುದಿಲ್ಲ. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಬಹುಪಾಲು ಸಂದರ್ಭದಲ್ಲಿ ದಾರಿ ತೆರೆಯುತ್ತದೆ. ಲಿನಕ್ಸ್‌ನಲ್ಲಿ ವೈಫೈ ಕೈಕೊಟ್ಟಾಗಲೂ ಇದೇ ಉಪಾಯ. ಸ್ಥಳೀಯ ಖಾತೆಯೇ ಬೇಕೆಂದರೆ ಪೆನ್‌ಡ್ರೈವ್ ತಯಾರಿಸಲು ರೂಫಸ್ ಬಳಸಿ, ಐಎಸ್‌ಒ ಬರೆಯುವ ಮುನ್ನ ಬರುವ ಪೆಟ್ಟಿಗೆಯಲ್ಲಿ ಆ ಆಯ್ಕೆ ಟಿಕ್ ಮಾಡಿ. ಟಿಪಿಎಂ ತಪಾಸಣೆ ತೆಗೆಯುವ ಆಯ್ಕೆಯೂ ಅಲ್ಲೇ ಇದೆ. ಹಳೆಯ ಐ7-7700ಗೆ ಹಾಗೆ ವಿಂಡೋಸ್ 11 ಹಾಕಬಹುದು ನಿಜ, ಆದರೆ ಟಿಪಿಎಂ ಇಲ್ಲದಿದ್ದರೆ ಅದನ್ನು ಬೇಡುವ ವ್ಯಾನ್‌ಗಾರ್ಡ್ ಒಪ್ಪುವುದಿಲ್ಲ. ಯಾವ ಆಟಕ್ಕಾಗಿ ಇಷ್ಟೆಲ್ಲ ಮಾಡಿದಿರೋ ಅದೇ ಓಡದಿರಬಹುದು.

ಡೆಸ್ಕ್‌ಟಾಪ್ ಬಂದ ಮೇಲೆ ವಿಂಡೋಸ್ ಅಪ್‌ಡೇಟ್ ಓಡಿಸಿ, ಮರುಚಾಲೂ ಮಾಡಿ, ಇನ್ನೊಮ್ಮೆ ಓಡಿಸಿ. ಗ್ರಾಫಿಕ್ಸ್ ಡ್ರೈವರನ್ನು ಎನ್ವಿಡಿಯಾ ಅಥವಾ ಎಎಂಡಿ ತಾಣದಿಂದಲೇ ತನ್ನಿ. ಇಲ್ಲಿಗೆ ವಿಂಡೋಸ್ ಬದಿಯ ಕೆಲಸ ಮುಗಿಯಿತು, ಇನ್ನು ಆಟ ಇಳಿಸಿ ಆಡುವುದಷ್ಟೇ. ಆಡುವ ವಿಷಯದಲ್ಲಿ ವಿಂಡೋಸ್‌ನ ನಿಜವಾದ ಸುಖ ಇದೇ.

ಲಿನಕ್ಸ್ ಮಿಂಟ್ ಹಾಕುವುದು

ಸುಮಾರು 3 ಜಿಬಿಯ ಐಎಸ್‌ಒ ಇಳಿಸಿ, ಬಲೇನಾ ಎಚರ್ ಅಥವಾ ರೂಫಸ್‌ನಿಂದ ಪೆನ್‌ಡ್ರೈವ್‌ಗೆ ಬರೆಯಿರಿ. ಕಡತವನ್ನು ಹಾಗೇ ಕಾಪಿ ಮಾಡಿದರೆ ಬೂಟ್ ಆಗದು. ಬೂಟ್ ಮೆನುವಿನಿಂದ ಅದನ್ನು ಆರಿಸಿ. ಎನ್ವಿಡಿಯಾ ಕಾರ್ಡ್ ಇದ್ದು ಪರದೆ ಕಪ್ಪಾಗಿ ನಿಂತರೆ, ಮರುಚಾಲೂ ಮಾಡಿ ಮೊದಲ ಮೆನುವಿನಲ್ಲಿ ‘ಕಂಪ್ಯಾಟಿಬಿಲಿಟಿ ಮೋಡ್’ ಕೊಡಿ. ಎನ್ವಿಡಿಯಾಗೆಂದು ಮಿಂಟ್‌ನಲ್ಲಿ ಮೊದಲೇ ಇರುವ ಮುಕ್ತ ನೂವೋ ಡ್ರೈವರ್ ಕೆಲವು ಕಾರ್ಡ್‌ಗಳಲ್ಲಿ ಎಡವುತ್ತದೆ, ಇನ್‌ಸ್ಟಾಲ್ ಆದ ಮೇಲೆ ಸರಿಯಾದ ಡ್ರೈವರ್ ಹಾಕಿದರೆ ಈ ತೊಂದರೆ ಹೋಗುತ್ತದೆ.

ಡಿಸ್ಕ್ ಮುಟ್ಟದೆಯೇ ಪೂರ್ತಿ ಡೆಸ್ಕ್‌ಟಾಪ್ ತೆರೆದುಕೊಳ್ಳುವುದು ವಿಂಡೋಸ್ ಇನ್‌ಸ್ಟಾಲರ್‌ನಲ್ಲಿ ಇಲ್ಲದ ಅನುಕೂಲ. ಅವಸರ ಮಾಡದೆ ವೈಫೈ, ಧ್ವನಿ, ಬ್ಲೂಟೂತ್, ಟಚ್‌ಪ್ಯಾಡ್, ಪರದೆಯ ಬೆಳಕು ಎಲ್ಲ ಪರೀಕ್ಷಿಸಿ. ಇಲ್ಲಿ ನಡೆದದ್ದು ಇನ್‌ಸ್ಟಾಲ್ ಆದ ಮೇಲೂ ನಡೆಯುತ್ತದೆ.

ಎರಡು ಎಸ್‌ಎಸ್‌ಡಿ ಇದ್ದವರಿಗೆ ಒಂದು ಎಚ್ಚರಿಕೆ. ಎರಡನೆಯದನ್ನೇ ಆರಿಸಿದ್ದರೂ ಮಿಂಟ್‌ನ ಇನ್‌ಸ್ಟಾಲರ್ ತನ್ನ ಬೂಟ್‌ಲೋಡರನ್ನು (ಓಎಸ್ ಎಬ್ಬಿಸುವ ಪುಟ್ಟ ತಂತ್ರಾಂಶ) ಮೊದಲ ಡಿಸ್ಕಿನಲ್ಲಿರುವ ವಿಂಡೋಸ್‌ನ ಇಎಫ್‌ಐ ಭಾಗದಲ್ಲಿ (ಬೂಟ್‌ಲೋಡರ್‌ಗಳಿಗೆ ಮೀಸಲಾದ ಜಾಗ) ಬರೆದುಬಿಡುವುದುಂಟು. ಮುಂದೊಂದು ದಿನ ಆ ಡಿಸ್ಕ್ ತೆಗೆದರೆ ಲಿನಕ್ಸೂ ಏಳುವುದಿಲ್ಲ. ಡೆಸ್ಕ್‌ಟಾಪ್ ಆದರೆ ಇನ್‌ಸ್ಟಾಲ್ ಮುಗಿಯುವವರೆಗೆ ವಿಂಡೋಸ್ ಡಿಸ್ಕನ್ನು ಬಿಚ್ಚಿಡಿ, ಅಥವಾ ಬಯಾಸ್‌ನಲ್ಲಿ ಅದರ ಪೋರ್ಟ್ ಆಫ್ ಮಾಡಿ.

ಈಗ ಡೆಸ್ಕ್‌ಟಾಪ್ ಮೇಲಿನ ‘ಇನ್‌ಸ್ಟಾಲ್’ ಐಕಾನ್ ಒತ್ತಿ. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ, ಆದರೆ ಅನುವಾದ ಪೂರ್ತಿಯಾಗಿಲ್ಲ. ತೊಂದರೆ ಬಂದಾಗ ಪರಿಹಾರ ಹುಡುಕಲು ಇಂಗ್ಲಿಷ್ ಸಂದೇಶವೇ ಅನುಕೂಲ. ಕನ್ನಡ ಬರೆಯಲು ಬೇಕಾದ ಕಗಪ ಕೀಲಿಮಣೆಯನ್ನು ಆಮೇಲೆ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಸೇರಿಸಬಹುದು. ‘ಮಲ್ಟಿಮೀಡಿಯಾ ಕೋಡೆಕ್ಸ್’ ಟಿಕ್ ಮಾಡಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ಇಲ್ಲೇ ಒಂದು ಪಾಸ್‌ವರ್ಡ್ ಕೇಳುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಕೆಲವೇ ನಿಮಿಷಗಳಲ್ಲಿ ಬೇಕಾಗುತ್ತದೆ.

ಡಿಸ್ಕ್ ಪರದೆಯಲ್ಲಿ ‘ವಿಂಡೋಸ್ ಜೊತೆಗೆ ಇನ್‌ಸ್ಟಾಲ್ ಮಾಡು’ ಎಂಬ ಆಯ್ಕೆ ಕಂಡರೆ ಅದನ್ನೇ ಕೊಡಿ. ಕಾಣದಿದ್ದರೆ ‘ಸಮ್‌ಥಿಂಗ್ ಎಲ್ಸ್’ ಒತ್ತಿ, ನೀವು ಬಿಡಿಸಿಟ್ಟ ಖಾಲಿ ಜಾಗದಲ್ಲಿ ಲಿನಕ್ಸ್ ಬಳಸುವ ಇಎಕ್ಸ್‌ಟಿ4 ಮಾದರಿಯ ಒಂದು ಭಾಗ ಮಾಡಿ ಮೌಂಟ್ ಪಾಯಿಂಟ್ ಅನ್ನು ರೂಟ್, ಅಂದರೆ ‘/’ ಎಂದು ಕೊಡಿ. ಇರುವ ಇಎಫ್‌ಐ ಭಾಗವನ್ನು ಫಾರ್ಮ್ಯಾಟ್ ಮಾಡದೆ ಬಳಸಲು ಹೇಳಿ. ‘ಇರೇಸ್ ಡಿಸ್ಕ್’ ಎಂಬುದು ಹೆಸರಿಗೆ ತಕ್ಕಂತೆ ಎಲ್ಲವನ್ನೂ ಅಳಿಸುತ್ತದೆ. ಎಸ್‌ಎಸ್‌ಡಿಯಲ್ಲಿ ಕೆಲಸ ಅರ್ಧ ಗಂಟೆಯೊಳಗೆ ಮುಗಿಯುತ್ತದೆ.

ಗ್ರಾಫಿಕ್ಸ್ ಡ್ರೈವರ್

ಎಎಂಡಿ ಅಥವಾ ಇಂಟೆಲ್ ಗ್ರಾಫಿಕ್ಸ್ ಆದರೆ ಏನೂ ಮಾಡಬೇಕಿಲ್ಲ. ಡ್ರೈವರ್ ಕರ್ನಲ್ ಮತ್ತು ಮೆಸಾ ಎಂಬ ಮುಕ್ತ ಗ್ರಾಫಿಕ್ಸ್ ತಂತ್ರಾಂಶದೊಳಗೇ ಬರುತ್ತದೆ, ಅಪ್‌ಡೇಟ್ ಮ್ಯಾನೇಜರ್ ಒಮ್ಮೆ ಓಡಿಸಿದರೆ ಸಾಕು. ಎಎಂಡಿ ತಾಣದಿಂದ ಬೇರೆ ಡ್ರೈವರ್ ತಂದು ಹಾಕಬೇಡಿ.

ನಮ್ಮಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ಎಂದರೆ ಬಹುತೇಕ ಎನ್ವಿಡಿಯಾ. ಡ್ರೈವರ್ ಮ್ಯಾನೇಜರ್ ತೆರೆಯಿರಿ, ‘ರೆಕಮೆಂಡೆಡ್’ ಎಂದಿರುವುದನ್ನು ಆರಿಸಿ ಅಪ್ಲೈ ಮಾಡಿ. ಪಟ್ಟಿಯಲ್ಲಿ ‘ಓಪನ್’ ಎಂಬ ಹೆಸರು ಅಂಟಿದ ಆವೃತ್ತಿಯೂ ಇರುತ್ತದೆ. ಆರ್‌ಟಿಎಕ್ಸ್ 50 ಸರಣಿಗೆ ಅದೇ ಬೇಕು. ಜಿಟಿಎಕ್ಸ್ 16 ಮತ್ತು ಆರ್‌ಟಿಎಕ್ಸ್ 20ರಿಂದ 40ರವರೆಗೆ ಎರಡೂ ನಡೆಯುತ್ತವೆ. ಜಿಟಿಎಕ್ಸ್ 900 ಮತ್ತು 1000 ಸರಣಿಗೆ ಓಪನ್ ಆವೃತ್ತಿ ಕೂಡದು, ಹಾಕಿದರೆ ಕಾರ್ಡ್ ಎಚ್ಚರವಾಗುವುದಿಲ್ಲ. ಆ ಕಾರ್ಡ್‌ಗಳನ್ನು ಬೆಂಬಲಿಸುವ ಕೊನೆಯ ಡ್ರೈವರ್ ಶಾಖೆ 580. ಅದಕ್ಕಿಂತ ದೊಡ್ಡ ಸಂಖ್ಯೆ ಹುಡುಕಬೇಡಿ. ಜಿಟಿ 710ರಂಥ ಇನ್ನೂ ಹಳೆಯವು 470ಕ್ಕೇ ನಿಂತಿವೆ, ಈಚಿನ ಪ್ರೋಟಾನ್ ಬಯಸುವ ವಲ್ಕನ್ 1.3 ಎಂಬ ಗ್ರಾಫಿಕ್ಸ್ ವ್ಯವಸ್ಥೆ ಅವಕ್ಕಿಲ್ಲ. ಅಂಥ ಕಾರ್ಡ್‌ನಲ್ಲಿ ಲಿನಕ್ಸ್ ಗೇಮಿಂಗ್‌ಗೆ ಕೈ ಹಾಕದಿರುವುದೇ ಮೇಲು.

ಸೆಕ್ಯೂರ್ ಬೂಟ್ ಆನ್ ಇದ್ದರೆ ಮರುಚಾಲೂ ಆಗುವಾಗ ನೀಲಿ ಪರದೆಯೊಂದು ಬರುತ್ತದೆ. ಹೆದರಿ ಎಂಟರ್ ಒತ್ತಿ ಮುಂದೆ ಹೋಗಬೇಡಿ. ‘ಎನ್‌ರೋಲ್ ಎಂಒಕೆ’, ‘ಕಂಟಿನ್ಯೂ’, ‘ಯೆಸ್’ ಹೀಗೆ ಆರಿಸಿ, ಆಗ ಬರೆದಿಟ್ಟ ಪಾಸ್‌ವರ್ಡ್ ಕೊಟ್ಟು ರೀಬೂಟ್ ಮಾಡಿ. ಈ ಹೆಜ್ಜೆ ತಪ್ಪಿದರೆ ಡ್ರೈವರ್ ಇದ್ದೂ ಲೋಡ್ ಆಗುವುದಿಲ್ಲ. ಆಟ ಐದು-ಹತ್ತು ಫ್ರೇಮ್‌ನಲ್ಲಿ ತೆವಳುತ್ತದೆ, ಎಷ್ಟು ಸಲ ಡ್ರೈವರ್ ಹಾಕಿದರೂ ಫಲವಿಲ್ಲ.

ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ನಲ್ಲಿ ಮಿಂಟ್‌ನ ಪ್ಯಾನೆಲ್‌ನಲ್ಲಿ ಎನ್ವಿಡಿಯಾ ಐಕಾನ್ ಬರುತ್ತದೆ. ಚಾರ್ಜರ್ ಹಾಕಿಯೇ ಆಡುವವರು ಪರ್ಫಾರ್ಮೆನ್ಸ್ ಮೋಡ್ ಕೊಡಿ. ಬ್ಯಾಟರಿ ಮುಖ್ಯವಾದವರು ಆನ್-ಡಿಮ್ಯಾಂಡ್ ಇಟ್ಟುಕೊಂಡು, ಸ್ಟೀಮ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಡೆಡಿಕೇಟೆಡ್ ಗ್ರಾಫಿಕ್ಸ್‌ನಲ್ಲಿ ತೆರೆಯುವ ಆಯ್ಕೆ ಬಳಸಿ. ‘ಲಿನಕ್ಸ್‌ನಲ್ಲಿ ಆಟ ನಿಧಾನ’ ಎಂಬ ದೂರುಗಳಲ್ಲಿ ಎಷ್ಟೋ ಸಲ ಆಟ ಓಡುತ್ತಿರುವುದು ಪ್ರೊಸೆಸರ್‌ನೊಳಗಿನ ಪುಟ್ಟ ಗ್ರಾಫಿಕ್ಸ್‌ನಲ್ಲಿ.

ಇಷ್ಟಾದ ಮೇಲೆ ಟೈಮ್‌ಶಿಫ್ಟ್ ತೆರೆದು ಒಂದು ಸ್ನ್ಯಾಪ್‌ಶಾಟ್ ತೆಗೆಯಿರಿ. ಮುಂದೆ ಯಾವುದೋ ಡ್ರೈವರ್ ಅಪ್‌ಡೇಟ್ ಕೈಕೊಟ್ಟರೆ ಇವತ್ತಿನ ಸ್ಥಿತಿಗೆ ಮರಳಬಹುದು.

ಸ್ಟೀಮ್ ಮತ್ತು ಪ್ರೋಟಾನ್

ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಸ್ಟೀಮ್ ಹುಡುಕಿದರೆ ಎರಡು ಬಗೆ ಕಾಣುತ್ತವೆ. ಫ್ಲ್ಯಾಟ್‌ಪ್ಯಾಕ್ ಬಿಟ್ಟು ಸಿಸ್ಟಂ ಪ್ಯಾಕೇಜ್ ಆರಿಸಿ; ಬೇರೆ ಡ್ರೈವ್‌ನಲ್ಲಿ ಲೈಬ್ರರಿ ಇಡುವಾಗ ಅನುಮತಿಯ ತಕರಾರು ಇರುವುದಿಲ್ಲ. ಉಬುಂಟು ಬಳಸುವವರು ಸ್ನ್ಯಾಪ್ ಆವೃತ್ತಿಯಿಂದ ದೂರವಿದ್ದು, ಸ್ಟೀಮ್ ತಾಣದ ಡೆಬ್ ಕಡತವನ್ನೇ ಹಾಕಿ.

ಲಾಗಿನ್ ಆಗಿ ಸೆಟ್ಟಿಂಗ್ಸ್‌ನ ‘ಕಂಪ್ಯಾಟಿಬಿಲಿಟಿ’ ನೋಡಿ. ಎಲ್ಲ ಆಟಗಳಿಗೂ ಸ್ಟೀಮ್ ಪ್ಲೇ ಅನ್ವಯಿಸುವ ಸ್ವಿಚ್ ಅಲ್ಲಿದ್ದರೆ ಆನ್ ಮಾಡಿ. ಹೊಸ ಸ್ಟೀಮ್‌ನಲ್ಲಿ ಅದು ಮೊದಲೇ ಜಾರಿಯಲ್ಲಿರುತ್ತದೆ. ಬಳಿಕ ಇನ್‌ಸ್ಟಾಲ್, ಪ್ಲೇ, ಅಷ್ಟೆ. ಒಳಗೆ ನಡೆಯುವುದಿಷ್ಟು: ವೈನ್ ಎಂಬ ಪದರ ವಿಂಡೋಸ್‌ನ ಕರೆಗಳನ್ನು ಲಿನಕ್ಸ್‌ಗೆ ಅರ್ಥವಾಗುವಂತೆ ಬದಲಿಸುತ್ತದೆ, ವಿಂಡೋಸ್‌ನ ಗ್ರಾಫಿಕ್ಸ್ ವ್ಯವಸ್ಥೆಯಾದ ಡೈರೆಕ್ಟ್‌ಎಕ್ಸ್ 11 ಮತ್ತು ಅದಕ್ಕೂ ಹಿಂದಿನದನ್ನು ಡಿಎಕ್ಸ್‌ವಿಕೆ, ಡೈರೆಕ್ಟ್‌ಎಕ್ಸ್ 12 ಅನ್ನು ವಿಕೆಡಿ3ಡಿ-ಪ್ರೋಟಾನ್ ವಲ್ಕನ್‌ಗೆ ತಿರುಗಿಸುತ್ತವೆ. ಎಎಂಡಿ ಕಾರ್ಡ್‌ನಲ್ಲಿ ಇದರಿಂದ ವೇಗ ಕಳೆದುಕೊಳ್ಳುವುದು ಬಹಳ ಕಡಿಮೆ, ಕೆಲವು ಆಟಗಳು ವಿಂಡೋಸ್‌ಗಿಂತ ಚುರುಕಾಗಿಯೇ ಓಡುತ್ತವೆ. ಎನ್ವಿಡಿಯಾದಲ್ಲಿ ಡೈರೆಕ್ಟ್‌ಎಕ್ಸ್ 12 ಆಟಗಳು ವಿಂಡೋಸ್‌ಗಿಂತ ಕಣ್ಣಿಗೆ ಕಾಣುವಷ್ಟು ಹಿಂದೆ ಬೀಳುತ್ತವೆ. ಆಟದಲ್ಲಿ ಡೈರೆಕ್ಟ್‌ಎಕ್ಸ್ 11 ಆಯ್ಕೆ ಇದ್ದರೆ ಅದನ್ನು ಪ್ರಯತ್ನಿಸಿ.

ಮೊದಲ ಸಲ ಆಟ ತೆರೆದಾಗ ‘ಪ್ರೊಸೆಸಿಂಗ್ ವಲ್ಕನ್ ಶೇಡರ್ಸ್’ ಎಂಬ ಪಟ್ಟಿ ನಿಧಾನವಾಗಿ ಸಾಗುತ್ತದೆ. ಆಡುವಾಗ ಆಗಾಗ ಚಿತ್ರ ತಡವರಿಸದಿರಲೆಂದು ಮಾಡುವ ಮುಂಗೆಲಸ ಅದು. ದಿನಕ್ಕೆ 1.5 ಅಥವಾ 2 ಜಿಬಿ ಮೊಬೈಲ್ ಡೇಟಾದಲ್ಲಿ ಇರುವವರಿಗೆ ಇದರ ಡೌನ್‌ಲೋಡ್ ಭಾರವಾಗುತ್ತದೆ. ಸೆಟ್ಟಿಂಗ್ಸ್‌ನ ಡೌನ್‌ಲೋಡ್ಸ್ ಭಾಗದಲ್ಲಿ ‘ಶೇಡರ್ ಪ್ರಿ-ಕ್ಯಾಶಿಂಗ್’ ಆಫ್ ಮಾಡಬಹುದು. ಹಾಸ್ಟೆಲ್‌ನಲ್ಲೋ ಮನೆಯಲ್ಲೋ ಅದೇ ಆಟ ಇನ್ನೊಂದು ಪಿಸಿಯಲ್ಲಿ ಇದ್ದರೆ ಮತ್ತೆ ಇಳಿಸಬೇಡಿ. ಸ್ಟೀಮ್‌ನ ‘ಲೋಕಲ್ ನೆಟ್‌ವರ್ಕ್ ಗೇಮ್ ಟ್ರಾನ್ಸ್‌ಫರ್’ ಎರಡೂ ಕಡೆ ಆನ್ ಮಾಡಿದರೆ, ವಿಂಡೋಸ್ ಯಂತ್ರದಿಂದಲೂ ಕಡತಗಳನ್ನು ವೈಫೈ ಅಥವಾ ಲ್ಯಾನ್ ಮೂಲಕವೇ ಎಳೆದುಕೊಳ್ಳುತ್ತದೆ.

ಆಟ ತೆರೆಯದೇ ಹೋದರೆ ಹೀಗೆ ಮಾಡಿ. ಲೈಬ್ರರಿಯಲ್ಲಿ ಆಟದ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ. ಅಲ್ಲಿ ‘ಪ್ರೋಟಾನ್ ಎಕ್ಸ್‌ಪೆರಿಮೆಂಟಲ್’ ಒತ್ತಾಯಿಸಿ ನೋಡಿ. ಆಗಲೂ ಇಲ್ಲವೆಂದರೆ ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಪ್ರೋಟಾನ್‌ಅಪ್-ಕ್ಯೂಟಿ ಹಾಕಿ, ಅದರ ಮೂಲಕ ಪ್ರೋಟಾನ್‌ನ ಸಮುದಾಯ ಆವೃತ್ತಿಯಾದ ಜಿಇ-ಪ್ರೋಟಾನ್ ಇಳಿಸಿ, ಸ್ಟೀಮ್ ಮುಚ್ಚಿ ತೆರೆದು ಅದನ್ನು ಆರಿಸಿ. ಆಟದ ನಡುವೆ ಬರುವ ವಿಡಿಯೋ ದೃಶ್ಯಗಳ ಜಾಗದಲ್ಲಿ ಬಣ್ಣದ ಪಟ್ಟಿಗಳು ಕಾಣುತ್ತಿದ್ದರೆ ಹೆಚ್ಚಾಗಿ ಇದರಿಂದಲೇ ಸರಿಹೋಗುತ್ತದೆ.

ವಿಂಡೋಸ್‌ನ ಎನ್‌ಟಿಎಫ್‌ಎಸ್ ಡ್ರೈವ್‌ನಲ್ಲಿರುವ ಆಟಗಳನ್ನೇ ಲಿನಕ್ಸ್‌ನಿಂದ ತೆರೆದು ಜಾಗ ಉಳಿಸೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಪ್ರೋಟಾನ್ ಪ್ರತಿ ಆಟಕ್ಕೂ ಒಂದು ನಕಲಿ ಸಿ ಡ್ರೈವ್ ಕಟ್ಟುವಾಗ ಹೆಸರಿನಲ್ಲಿ ಕೋಲನ್ ಚಿಹ್ನೆ ಇರುವ ಕೊಂಡಿಗಳನ್ನು ಮಾಡುತ್ತದೆ, ವಿಂಡೋಸ್ ಅಂಥ ಹೆಸರನ್ನು ಒಪ್ಪುವುದಿಲ್ಲ. ಕೆಲವು ದಿನ ನಡೆದಂತೆ ಕಂಡು, ಒಂದು ದಿನ ಆಟ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ, ಇಲ್ಲವೇ ವಿಂಡೋಸ್ ಡಿಸ್ಕ್ ತಪಾಸಣೆಗೆ ಇಳಿಯುತ್ತದೆ. ಲಿನಕ್ಸ್ ಆಟಗಳು ಇಎಕ್ಸ್‌ಟಿ4ನಲ್ಲೇ ಇರಲಿ.

ಎಪಿಕ್ ಮತ್ತು ಗಾಗ್ ಆಟಗಳಿಗೆ ಹೀರೋಯಿಕ್ ಗೇಮ್ಸ್ ಲಾಂಚರ್ ಹಾಕಿ. ಎಪಿಕ್‌ನಲ್ಲಿ ವಾರವಾರ ಉಚಿತವಾಗಿ ಪಡೆದ ಆಟಗಳೆಲ್ಲ ಅದರಲ್ಲೇ ಕಾಣುತ್ತವೆ. ಬೇರೆ ಲಾಂಚರ್‌ಗಳಿಗೆ ಲೂಟ್ರಿಸ್ ಇದೆ. ಎಕ್ಸ್‌ಬಾಕ್ಸ್ ಕಂಟ್ರೋಲರ್ ಕೇಬಲ್‌ನಲ್ಲಿ, ಪಿಎಸ್5ನ ಡ್ಯುಯಲ್‌ಸೆನ್ಸ್ ಕೇಬಲ್ ಮತ್ತು ಬ್ಲೂಟೂತ್ ಎರಡರಲ್ಲೂ ಹಾಗೇ ನಡೆಯುತ್ತವೆ. ಎಎಂಡಿ ಕಾರ್ಡನ್ನು 4ಕೆ 120 ಹರ್ಟ್ಜ್ ಪರದೆಗೆ ಜೋಡಿಸುವವರು ಡಿಸ್‌ಪ್ಲೇಪೋರ್ಟ್ ಬಳಸಿ: ಮುಕ್ತ ಡ್ರೈವರ್‌ನಲ್ಲಿ ಎಚ್‌ಡಿಎಂಐ 2.1 ಅಳವಡಿಸಲು ಎಎಂಡಿ ಕೇಳಿದ್ದ ಅನುಮತಿಯನ್ನು ಎಚ್‌ಡಿಎಂಐ ಫೋರಂ 2024ರಲ್ಲಿ ನಿರಾಕರಿಸಿತು.

ಡ್ಯುಯಲ್ ಬೂಟ್‌ನಲ್ಲಿ ಆಗಾಗ ಕಾಡುವವು

ಲಿನಕ್ಸ್ ಬಳಸಿ ವಿಂಡೋಸ್‌ಗೆ ಬಂದಾಗ ಗಡಿಯಾರ ಐದೂವರೆ ಗಂಟೆ ಹಿಂದಿರಬಹುದು. ಲಿನಕ್ಸ್ ಮದರ್‌ಬೋರ್ಡ್ ಗಡಿಯಾರದಲ್ಲಿ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಬರೆಯುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ. ಸಮಯ ತಪ್ಪಿದ್ದರೆ ಆಟದ ಸರ್ವರ್‌ಗೆ ಲಾಗಿನ್ ಆಗದೆ ಅರ್ಥವಾಗದ ದೋಷ ತೋರಿಸುತ್ತದೆ. ವಿಂಡೋಸ್‌ನ ಸಮಯದ ಸೆಟ್ಟಿಂಗ್‌ನಲ್ಲಿ ‘ಸಿಂಕ್ ನೌ’ ಒತ್ತಿದರೆ ಆ ಹೊತ್ತಿಗೆ ಸರಿ.

ಬೂಟ್ ಮೆನು ಮಾಯವಾಗಿ ನೇರ ವಿಂಡೋಸ್ ತೆರೆದರೆ ಲಿನಕ್ಸ್ ಅಳಿಸಿಹೋಗಿದೆ ಎಂದಲ್ಲ. ದೊಡ್ಡ ಅಪ್‌ಡೇಟ್ ಬಂದಾಗ ವಿಂಡೋಸ್ ತನ್ನನ್ನು ಮೊದಲ ಸ್ಥಾನಕ್ಕೆ ಏರಿಸಿಕೊಳ್ಳುವುದುಂಟು. ಬಯಾಸ್‌ನ ಬೂಟ್ ಕ್ರಮದಲ್ಲಿ ಉಬುಂಟು ಎಂಬ ಹೆಸರನ್ನು ಮೇಲಕ್ಕೆ ತನ್ನಿ, ಮಿಂಟ್ ಕೂಡ ಅಲ್ಲಿ ಅದೇ ಹೆಸರಿನಲ್ಲಿ ಇರುತ್ತದೆ.

2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಹಲವರ ಲಿನಕ್ಸ್ ‘ಎಸ್‌ಬ್ಯಾಟ್’ ದೋಷ ತೋರಿಸಿ ನಿಂತಿತು. ಹಳೆಯ ಬೂಟ್‌ಲೋಡರ್‌ಗಳನ್ನು ನಂಬಬೇಡವೆಂದು ಆ ಅಪ್‌ಡೇಟ್ ಫರ್ಮ್‌ವೇರ್‌ಗೆ ಹೇಳಿತ್ತು. ಹಳೆಯ ಐಎಸ್‌ಒ ಇರುವ ಪೆನ್‌ಡ್ರೈವ್‌ನಲ್ಲಿ ಈಗಲೂ ಇದು ಎದುರಾಗಬಹುದು. ಹೊಸ ಐಎಸ್‌ಒ ಇಳಿಸಿಕೊಳ್ಳಿ. ಇನ್‌ಸ್ಟಾಲ್ ಆದ ಲಿನಕ್ಸ್‌ಗೆ ಹೀಗಾದರೆ ಬಿಟ್‌ಲಾಕರ್ ಕೀ ಕೈಯಲ್ಲಿಟ್ಟುಕೊಂಡು ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ, ಲಿನಕ್ಸ್‌ನೊಳಗೆ ಹೋಗಿ ಎಲ್ಲ ಅಪ್‌ಡೇಟ್ ಹಾಕಿ, ಬಳಿಕ ಮತ್ತೆ ಆನ್ ಮಾಡಿ. ಆನ್ ಮಾಡಲು ಮರೆತರೆ ಸಂಜೆ ಗೆಳೆಯರೊಂದಿಗೆ ಕೂತಾಗ ವ್ಯಾಲರಂಟ್ ತೆರೆಯಲು ಒಪ್ಪದು.